ಹುಳುಮನೆಗೆ ಹೋದ ಧೂಪ

ಸೋಲೂರು
೧೧ ಸೆಪ್ಟೆಂಬರ್ ೨೦೦೮

ಪ್ರಿಯ ಲತಾ,

ಮನೆ ನೋಡಿ ಕೊಡಬೇಕು ಎಂದೋ, ಮನೆ ಕೇಳಿ ಕೊಡಬೇಕು ಎಂದೋ, ನೀನು ಹೊರಟ ದಿನ ಉಗ್ರಾಣದ ಬಾಗಿಲಲ್ಲಿ ನಿಂತು ಹೇಳಿದ್ದು. ನಾನು ಆಟೋದವನಿಗೆ ಕೈ ಬೀಸುತ್ತಿದ್ದೆ. ಹೆಣ್ಣು ಕೊಡುವವರ ಮಾತಿನ ಹಾಗಿದೆಯಲ್ಲ ಎಂದು ನಕ್ಕಿದ್ದು ನೆನಪಿದೆ. ನೀನು ನಗಲಿಲ್ಲ. ‘ನಗೋ ವಿಷಯ ಅಲ್ಲ ರೀ’ ಎಂದು ಮತ್ತೇನೋ ಹೇಳುವಷ್ಟರಲ್ಲಿ ನಿನ್ನ ಅಣ್ಣನ ಫೋನು ಬಂತು, ಅತ್ತೆಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು ಎಂದು. ನಿನ್ನೆಯಿಂದ ನಾನು ಆ ‘ಮತ್ತೇನೋ’ ಏನಿರಬಹುದೆಂದು ಯೋಚಿಸುತ್ತಿದ್ದೇನೆ.

ಹೋದ ವಾರವೇ ಬರೆಯಬೇಕಿತ್ತು. ಕ್ಷಮಿಸು. ಬರೆಯಲು ಏನೂ ಇರಲಿಲ್ಲ ಎಂಬುದು ನನಗೆ ನಾನೇ ಹೇಳಿಕೊಂಡ ಕಾರಣ. ಕೋಳಿಗಳು ಚೆನ್ನಾಗಿವೆ. ಜೇನುಪೆಟ್ಟಿಗೆಗಳಲ್ಲಿ ಒಂದಕ್ಕೆ ಇರುವೆ ಹತ್ತಿತ್ತು, ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆ. ನುಗ್ಗೆ ಮುರಿದು ಬಿತ್ತು. ಅತ್ತೆ ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟರೆಂದು ನಿನ್ನ ಅಣ್ಣ ಹೇಳಿದರು. ಕೊಣನೂರಿನ ನಿನ್ನ ತವರಿನ ಆ ಒಂದೇ ಫೋನು ಅತ್ತೆಯ ಮಂಚದ ಪಕ್ಕದಲ್ಲಿದೆ. ನಾವಿಬ್ಬರು ಏನೇ ಮಾತಾಡಿದರೂ ಅದು ಮೂವರ ಮಾತಾಗುತ್ತದೆ. ಅದಕ್ಕೇ ಕಾಗದ.

ನೀನು ನಡೆಸುವ ಅದಲುಬದಲಿನ ಗುಂಪನ್ನು ನನ್ನ ಕೈಗೆ ಕೊಟ್ಟು ಹೋದೆ. ‘ಸುಮ್ಮನೆ ನೋಡ್ಕೊಳ್ಳಿ, ಏನೂ ಮಾಡಬೇಡಿ’ ಎಂದಿದ್ದೆ. ಏನೂ ಮಾಡದೆ ನೋಡಿಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ನಾಲ್ಕು ವರ್ಷದಿಂದ ನಾನು ಅದನ್ನು ಹೊರಗಿನವನ ಹಾಗೆ ನೋಡಿದ್ದೇನೆ: ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಎಪ್ಪತ್ತು ಮನೆಗಳು, ಕೆಲವು ನಮ್ಮಂತೆ ಬೆಂಗಳೂರು ಬಿಟ್ಟು ಬಂದು ಎರಡೆಕರೆ ಕೊಂಡವರವು, ಹೆಚ್ಚಿನವು ಮೊದಲಿನಿಂದಲೂ ಇಲ್ಲೇ ಇದ್ದವರವು. ಯಾರೋ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಾರೆ, ತುಪ್ಪ ಇದೆ, ಸೋಪು ಬೇಕು. ಮತ್ತೊಬ್ಬರು ಬರೆಯುತ್ತಾರೆ, ಸೋಪು ಇದೆ, ಹುರುಳಿ ಬೇಕು. ಡಬ್ಬಗಳು ಬಸ್ಸಿನಲ್ಲಿ ಡ್ರೈವರಿನ ಸೀಟಿನ ಹಿಂದೆ ಕೂತು ಊರಿಂದೂರಿಗೆ ಹೋಗುತ್ತವೆ. ಬಾಕಿದ್ದಕ್ಕೆಲ್ಲ ನೀನು ಫೋನಿನಲ್ಲಿ ಅರ್ಧ ಅರ್ಧ ಗಂಟೆ ಮಾತಾಡುತ್ತಿದ್ದೆ. ಒಂದು ಬಾಟಲಿ ಜೇನು ಕಳಿಸುವ ಮೊದಲು, ಮನೆಯಲ್ಲಿ ಯಾರ್ಯಾರಿದ್ದಾರೆ, ಹಸುಗೂಸು ಇದೆಯಾ, ಬಾಣಂತಿ ಇದ್ದಾಳಾ, ಈಗ ಏನು ಬೆಳೆ, ಹಸು ಗಬ್ಬವಾ ಎಂದೆಲ್ಲ. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದುಕೊಂಡು, ಹೆಂಗಸರ ಹರಟೆ ಎಂದುಕೊಳ್ಳುತ್ತಿದ್ದೆ. ಇದನ್ನು ನಿನ್ನ ಮುಂದೆ ಎಂದೂ ಹೇಳಿಲ್ಲ, ನಿನಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಹರಟೆಯನ್ನು ತೆಗೆದರೆ ಕೆಲಸ ಸಲೀಸಾಗುತ್ತದೆ ಎಂದು ನನಗೆ ತೋರಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ಹಾಗಲ್ಲದೆ ಇನ್ನೇನು ತೋರಬೇಕು? ಮೊದಲು ಕೇಳಿದವರಿಗೆ ಮೊದಲು ಎಂದು ನಿಯಮ ಮಾಡಿದೆ. ಒಂದು ವಾರ ಎಲ್ಲರೂ ಹೊಗಳಿದರು. ಕನಕಪುರದ ಬಾಲರಾಜು, ಅದೇ ನಮ್ಮ ರಿಟೈರ್ಡ್ ಇಂಜಿನಿಯರು, ‘ಕೊನೆಗೂ ಒಂದು ಸಿಸ್ಟಮ್ ಬಂತು’ ಎಂದು ಬರೆದರು. ಖುಷಿಯಾಯಿತು. ಖುಷಿಯಲ್ಲೇ ಉಗ್ರಾಣ ಗುಡಿಸಿದೆ. ಮೇಲಿನ ಹಲಗೆಯ ಮೇಲೆ ನೀನು ಮಾಡಿಟ್ಟ ಸೊಳ್ಳೆ ಧೂಪ ಇತ್ತು, ಮೂರು ಡಬ್ಬ, ಹಾಗೇ. ಇದನ್ನೇಕೆ ಯಾರಿಗೂ ಕೊಟ್ಟಿಲ್ಲ ಎಂದು ಆಶ್ಚರ್ಯವಾಯಿತು. ಗುಂಪಿಗೆ ಹಾಕಿದೆ: ನೊಣ, ಸೊಳ್ಳೆ ಹತ್ತಿರ ಸುಳಿಯುವುದಿಲ್ಲ, ಮನೆಯಲ್ಲೇ ಮಾಡಿದ್ದು, ಯಾವ ಕೆಮಿಕಲ್ಲೂ ಇಲ್ಲ. ಕುದೂರಿನ ಬೋರಮ್ಮ ಮೊದಲು ಕೇಳಿದಳು. ಅವಳಿಗೆ ಹೋಯಿತು. ಬದಲಿಗೆ ಅರ್ಧ ಸೇರು ಬೆಣ್ಣೆ ಬಂತು. ಕಾಯಿಸಿದೆ, ಸ್ವಲ್ಪ ಸೀದುಹೋಯಿತು.

ನಿನ್ನೆ ಬೆಳಿಗ್ಗೆ ಗುಂಪಿನಲ್ಲಿ ಅವಳ ಸಂದೇಶ. ಎಂದಿನಂತೆ ಕುದೂರಿನ ಸೈಬರ್ ಅಂಗಡಿಯ ಶಾಹಬಾಜ್ ಅವಳು ಹೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದದ್ದು. ಜೋರಾಗಿ ಓದಿದರೇ ನನಗೆ ಅರ್ಥವಾಗುವುದು. ಖಾಲಿ ಮನೆಯಲ್ಲಿ ಅವಳ ದನಿಯಲ್ಲಿ ಓದಿದೆ: ‘ಲತಮ್ಮ, ಹುಳ ಸೊಪ್ಪು ಮುಟ್ತಾ ಇಲ್ಲ, ಎಲ್ಲಾ ತಲೆ ಎತ್ಕಂಡು ಕುಂತವೆ, ಬಾಯಾಗೆ ಹಸ್ರು ನೀರು ಬತ್ತಾ ಐತೆ. ಏನ್ ಮಾಡ್ಲಿ, ಬ್ಯಾಗ ಯೋಳಿ.’

ಸೋಲೂರಿನಿಂದ ಕುದೂರಿಗೆ ಬಸ್ಸು ಅಷ್ಟು ನಿಧಾನ ಹೋದದ್ದು ನನಗೆ ನೆನಪಿಲ್ಲ. ಅವಳ ರೇಷ್ಮೆ ಹುಳುವಿಗೆ ಏನೋ ರೋಗ, ನೋಡಿ ಬರೋಣ ಎಂದಷ್ಟೇ ಹೊರಟದ್ದು. ದಾರಿಯುದ್ದಕ್ಕೂ ಹೊಲಗಳಲ್ಲಿ ಬಿಳಿ ಬಣ್ಣದ ಗೂಟಗಳು. ಹೋದ ಸಲ ನಾವು ಹೋದಾಗ ಇಷ್ಟಿರಲಿಲ್ಲ. ಯಾವುದೋ ಕಂಪನಿ ಗೋಡೌನುಗಳಿಗೆ ಜಾಗ ಕೊಳ್ಳುತ್ತಿದೆಯಂತೆ.

ಬೋರಮ್ಮನ ಭಾವ ಮುನಿಯಪ್ಪ ಜಗಲಿಯ ಮೇಲೆ ಕೂತಿದ್ದ. ಅವಳ ಗಂಡ ತೀರಿಕೊಂಡ ಮೇಲೆ ಆ ಮನೆಗೆ ಅವನೇ ಯಜಮಾನ, ಖಾತೆಯೂ ಅವನ ಹೆಸರಲ್ಲೇ. ನನ್ನನ್ನು ನೋಡಿ ಎದ್ದು ನಿಂತು, ಮತ್ತೆ ಕೂತ.

‘ಬನ್ನಿ ಸಾ. ಕಂಪೂಟರ್‌ನೋರು ಬಂದ್ರು ಕಣಮ್ಮಿ,’ ಎಂದು ಒಳಗೆ ಕೂಗಿದ. ‘ಹುಳಕ್ಕೆ ಅದ್ರಾಗೇ ಔಸ್ದಿ ಬತ್ತದೇನೋ ಕೇಳು.’

‘ನೀನ್ ಒಸಿ ಸುಮ್ಕಿರ್ತೀಯಾ ಬಾವ?’ ಬೋರಮ್ಮ ಕಣ್ಣೊರೆಸಿಕೊಂಡು ಹೊರಗೆ ಬಂದಳು. ‘ಬೆಳಗ್ನಿಂದ ಅದೇ ರಾಗ. ಲತಮ್ಮ ಬರ್ನಿಲ್ವಾ?’

ನಿನ್ನ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಊರಿಗೆ ಹೋಗಿದ್ದೀಯ ಎಂದೆ. ‘ಅಯ್ಯೋ ಪಾಪ’ ಎಂದಳು. ಆ ಗಳಿಗೆಯಲ್ಲೂ ಎಷ್ಟು ವಯಸ್ಸು, ಯಾವ ಆಸ್ಪತ್ರೆ ಎಂದು ಕೇಳಿದಳು.

ಹುಳುಮನೆಯೊಳಗೆ ನೀನು ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಸಾವಿರಾರು ಹುಳು ಸೊಪ್ಪು ಮೇಯುವಾಗ, ಯಾರೋ ಗರಿಗರಿ ಕಾಗದವನ್ನು ಮಡಿಸುತ್ತಲೇ ಇರುವಂಥ ಸದ್ದು. ನಿನ್ನೆ ಆ ಸದ್ದು ಇರಲಿಲ್ಲ. ತಟ್ಟೆಗಳ ಮೇಲೆ ಹಾಕಿದ ಸೊಪ್ಪು ಹಾಕಿದ ಹಾಗೇ ಬಾಡಿತ್ತು. ಹುಳುಗಳು ಮೈಯ ಮುಂಭಾಗ ಎತ್ತಿಕೊಂಡು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಸ್ತಬ್ಧವಾಗಿದ್ದವು. ನಾಲ್ಕನೇ ಜ್ವರ ಎದ್ದು, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಹಸಿವು ಹೆಚ್ಚಿರಬೇಕಾದ ಹೊತ್ತು ಅದು, ಇನ್ನು ನಾಲ್ಕೈದು ದಿನ ಮೇದರೆ ಗೂಡು ಕಟ್ಟಬೇಕಾದವು. ಮೂಲೆಯಲ್ಲಿ ಮಣ್ಣಿನ ಬಟ್ಟಲು. ಬಟ್ಟಲಲ್ಲಿ ಬೂದಿ. ವಾಸನೆ ನಮ್ಮ ಮನೆಯದು.

ಕಳೆದ ಎರಡು ಬೆಳೆಯನ್ನು ಊಜಿ ನೊಣ ತಿಂದಿತ್ತಂತೆ, ಆ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಹುಳು ಉಳಿಯುವುದಿಲ್ಲವಂತೆ. ಈ ಸಲ ಕಿಟಕಿಗೆ ಹೊಸ ಪರದೆ ಕಟ್ಟಿದ್ದಾಳೆ, ಆದರೂ ಒಂದೆರಡು ನುಗ್ಗಿದವು. ನೊಣ ಸುಳಿಯುವುದಿಲ್ಲ ಎಂದು ಓದಿಸಿಕೊಂಡದ್ದರಿಂದ ಧೂಪ ತರಿಸಿದಳು. ಮೊನ್ನೆ ಸಂಜೆ ಬಾಗಿಲು ಹಾಕಿಕೊಂಡು ಹಚ್ಚಿದಳು.

‘ಈ ಮನ್ಯಾಗೆ ಯಾರೂ ಒಂದ್ ಬೀಡಿ ಸೇದಂಗಿಲ್ಲ ಸಾ,’ ಎಂದಳು. ‘ಊದುಬತ್ತಿ ಹಚ್ಚಂಗಿಲ್ಲ. ಲತಮ್ಮನ ಮನೆ ಧೂಪ ಅಂತಂದ್ಬುಟ್ಟು ಹಚ್ದೆ.’

ಅದರಲ್ಲಿ ಏನಿದೆ ಎಂದು ಆಗ ನೆನಪು ಮಾಡಿಕೊಂಡೆ. ಬೇವು, ಲಕ್ಕಿ ಸೊಪ್ಪು, ತುಂಬೆ. ಮತ್ತೆ ನೀನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಟ್ಟುತ್ತಿದ್ದ ಹೊಗೆಸೊಪ್ಪಿನ ಕಡ್ಡಿ. ಹೇಳಿದೆ. ಹೊಗೆಸೊಪ್ಪು ಇದೆ ಎಂದೆ.

ಬೋರಮ್ಮ ಬಟ್ಟಲು ಎತ್ತಿಕೊಂಡು ಹೊರಗೆ ಹೋಗಿ ತಿಪ್ಪೆಗೆ ಎಸೆದಳು. ಬಟ್ಟಲು ಒಡೆಯಲಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ಪರದೆ ಬಿಚ್ಚಿ, ಬಾಗಿಲು ಕಿಟಕಿ ತೆಗೆದು, ತಟ್ಟೆಗಳನ್ನು ಒಂದೊಂದಾಗಿ ಹುಣಸೆಮರದ ನೆರಳಿಗೆ ಹೊತ್ತರು. ನಾನೂ ಒಂದು ತುದಿ ಹಿಡಿದೆ. ‘ಅಲುಗಿಸ್ಬ್ಯಾಡಿ ಸಾ’ ಎಂದು ಒಬ್ಬಳು ನನ್ನ ಕೈಯಿಂದ ತೆಗೆದುಕೊಂಡಳು.

ಬರುವಾಗ ಮುನಿಯಪ್ಪ ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದ. ಕಂಪನಿಯವರಿಗೆ ರಸ್ತೆಯ ಅಂಚಿನ ಹಿಪ್ಪುನೇರಳೆ ತೋಟ ಬೇಕಂತೆ, ಅದು ಸೇರದಿದ್ದರೆ ಹಿಂದಿನ ಜಮೀನೂ ಬೇಡವಂತೆ. ಬೋರಮ್ಮ ಬಿಡುವುದಿಲ್ಲ ಎಂದು ಕೂತಿದ್ದಾಳೆ. ಹಬ್ಬದ ದಿನ ಊರವರ ಎದುರಿಗೆ ಮಾತಾಗಿದೆ. ‘ಇದೊಂದು ಬೆಳೆ ನೋಡಾನ ಅಂದಿವ್ನಿ ಸಾ. ಗೂಡು ನೆಟ್ಟಗೆ ಬಂದ್ರೆ ತೋಟದ ತಂಟೆಗೆ ಬರಾಕಿಲ್ಲ, ಅವ್ಳೇ ಇಟ್ಕಳ್ಳಿ. ಬರ್ನಿಲ್ಲ ಅಂದ್ರೆ ಅವ್ಳು ತುಟಿ ಪಿಟಕ್ ಅನ್ನಂಗಿಲ್ಲ. ನಾನೇನ್ ರಾಕ್ಷಸನಾ? ಎರಡು ಬೆಳೆ ಹೋದ್ರೂ ಸುಮ್ಕಿದ್ದೆ.’

ರಾಕ್ಷಸನ ಹಾಗೆ ಅವನು ಕಾಣಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಉಳಿದ ಎರಡು ಡಬ್ಬ ಮನೆಯಲ್ಲೇ ಇವೆ. ಹುಳು ಸೊಪ್ಪು ಮುಟ್ಟುತ್ತವೆಯೋ ಇಲ್ಲವೋ ನಾಳೆ, ನಾಡಿದ್ದು ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಬರೆಯುತ್ತೇನೆ. ಅತ್ತೆಗೆ ನಮಸ್ಕಾರ.

ನಿನ್ನ
ಅನಂತರಾಜು


ಸೋಲೂರು
೧೬ ಸೆಪ್ಟೆಂಬರ್

ಪ್ರಿಯ ಲತಾ,

ನಿನ್ನೆ ನೀನು ಫೋನಿನಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ‘ಇಂಥದ್ದನ್ನ ಕಾಗದದಲ್ಲಿ ಬರೀತಾರೇನ್ರೀ? ಹುಳ ಸಾಯ್ತಾ ಇದ್ರೆ ಪೋಸ್ಟ್‌ಮ್ಯಾನ್‌ಗೆ ಕಾಯ್ತಾರಾ?’ ಹಿಂದಿನಿಂದ ಅತ್ತೆಯ ದನಿ, ಯಾರಿಗೇ ಹುಳ ಆಗಿರೋದು, ಹರಳೆಣ್ಣೆ ಕುಡಿಸೋಕೆ ಹೇಳು ಎಂದು. ನೀನು ನಗುತ್ತಲೂ ಅಳುತ್ತಲೂ ಇದ್ದೆ ಎಂದು ತೋರಿತು. ನಾನು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡಿದ್ದೆ. ಇದು ನನ್ನ ಹಳೆಯ ಅಭ್ಯಾಸ.

ಫೋನು ಮಾಡಬಹುದಿತ್ತು. ನಿಜ. ಅತ್ತೆಯ ಮಂಚ ಒಂದು ನೆಪ. ಕಾಗದದಲ್ಲಿ ಒಂದು ವಾಕ್ಯ ಬರೆದು ಅದನ್ನು ನೋಡಬಹುದು, ನೋಡಿ ಮುಂದಿನದನ್ನು ಬರೆಯಬಹುದು. ಫೋನಿನಲ್ಲಿ ನೀನು ಕೇಳುತ್ತೀಯ, ನಾನು ಕೂಡಲೇ ಹೇಳಬೇಕಾಗುತ್ತದೆ.

ಅವತ್ತು ಬಾಗಿಲಲ್ಲಿ ಹೇಳಿದ್ದು ಏನೆಂದು ನಿನ್ನೆ ನೀನು ಮತ್ತೆ ಹೇಳಿದೆ. ಈಗ ಪೂರ್ತಿ ಗೊತ್ತಾಯಿತು. ಡಬ್ಬದೊಳಗಿನದು ಎಷ್ಟೇ ಒಳ್ಳೆಯದಿರಲಿ, ಅದು ಯಾವ ಮನೆಗೆ ಹೋಗುತ್ತದೆ ಎಂದು ನೋಡದೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾಗುವುದಿಲ್ಲ ಎಂದು. ಆ ಅರ್ಧ ಗಂಟೆಯ ಮಾತೆಲ್ಲ ಅದಕ್ಕೇ ಎಂದು. ಹುಳು ಸಾಕುವ ಊರುಗಳಿಗೆ ಆ ಧೂಪವನ್ನು ನೀನು ಒಮ್ಮೆಯೂ ಕಳಿಸಿರಲಿಲ್ಲ ಎಂದು. ಮೂರು ಡಬ್ಬ ಹಲಗೆಯ ಮೇಲೆ ಹಾಗೇ ಉಳಿದಿದ್ದಕ್ಕೆ ಅಷ್ಟೇ ಕಾರಣ. ಮಾಗಡಿಯ ಸುತ್ತ ಹುಳು ಸಾಕದ ಮನೆ ಸಿಗುವವರೆಗೆ ನೀನು ಕಾಯುತ್ತಿದ್ದೆ.

‘ಬೋರಕ್ಕನ ಹತ್ರ ಏನು ಹೇಳಿದ್ರಿ?’ ಎಂದು ನೀನು ಕೇಳಿದೆ. ಹೇಳಬೇಕಾದ್ದು ಹೇಳಿದ್ದೇನೆ ಎಂದೆ.

ಈಗ ಸುದ್ದಿ. ಶನಿವಾರ ಮತ್ತೆ ಹೋಗಿದ್ದೆ. ಕಾಲು ಭಾಗ ಹುಳು ಸತ್ತಿವೆ. ಅವುಗಳನ್ನು ಆರಿಸಿ ಮಣ್ಣು ಮಾಡಿದ್ದಾರೆ. ಉಳಿದವುಗಳಲ್ಲಿ ಕೆಲವು ಶುಕ್ರವಾರ ಮಧ್ಯಾಹ್ನ ಸೊಪ್ಪಿಗೆ ಬಾಯಿ ಹಾಕಿದವು. ಬೋರಮ್ಮ ಶಾಹಬಾಜನ ಅಂಗಡಿಗೆ ಓಡಿ ಹೋಗಿ ಗುಂಪಿಗೆ ಒಂದೇ ಸಾಲು ಹೊಡೆಸಿದಳು: ‘ಮೇಯ್ತಾ ಅವೆ.’ ನಾನು ಅದನ್ನು ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಓದಿದೆ. ಕಾಫಿ ಆರಿಹೋಯಿತು.

ಗುಂಪಿನಲ್ಲಿ ಗದ್ದಲ. ಬಾಲರಾಜು ಹೊಗೆಸೊಪ್ಪಿನ ಗುಣದೋಷಗಳ ಬಗ್ಗೆ ಮೂರು ಪುಟ ಬರೆದರು. ನೈಸರ್ಗಿಕ ಎನ್ನುವುದು ಸಾಪೇಕ್ಷ ಪದ ಎಂದು ಅದರ ಸಾರ. ಚನ್ನಪಟ್ಟಣದ ಗುಲ್ಜಾರ್ ಬೀ, ನಮಗೆ ಅರಗಿನ ಬಣ್ಣದ ಸೌಟು ಕಳಿಸಿದವರು, ತಮ್ಮ ಮಗಳು ಅನೀಸಾಳ ಕೈಯಲ್ಲಿ ಉತ್ತರ ಬರೆಸಿದರು: ‘ಇಂಜಿನಿಯರ್ ಸಾಬ್, ಮೂರು ಪೇಜು ಓದೋದ್ರಲ್ಲಿ ಹುಳ ಗೂಡು ಕಟ್ಟಿ ಚಿಟ್ಟೆ ಆಗಿ ಹಾರಿಹೋಗುತ್ತೆ. ಯಾರ ತೋಟದಲ್ಲಿ ಎಳೇ ಸೊಪ್ಪು ಇದೆಯೋ ಅವರು ಬೋರಮ್ಮಂಗೆ ಕಳಿಸಿ.’ ಕಳಿಸಿದರು, ಲತಾ. ಎರಡು ಊರಿನವರು ಗೋಣಿಚೀಲದಲ್ಲಿ ಸೊಪ್ಪು ತುಂಬಿ, ನೀರು ಚಿಮುಕಿಸಿ, ಬೆಳಗಿನ ಬಸ್ಸಿಗೆ ಹಾಕಿದರು. ಅವಳ ತೋಟದಲ್ಲೇ ಸೊಪ್ಪು ಇತ್ತು, ಕಡಿಮೆಯೇನೂ ಇರಲಿಲ್ಲ. ಆದರೂ ಇಳಿಸಿಕೊಂಡಳು. ಬದಲಿಗೆ ಏನು ಬೇಕೆಂದು ಯಾರೂ ಬರೆಯಲಿಲ್ಲ. ನನ್ನ ನಿಯಮದ ಪ್ರಕಾರ ಅದನ್ನು ಯಾವ ಕಡೆ ಸೇರಿಸಬೇಕೆಂದು ತಿಳಿಯದೆ ಬಿಟ್ಟೆ.

ನಾನು ಹೋದಾಗ ಬೋರಮ್ಮ ತಟ್ಟೆಗಳ ನಡುವೆ ಓಡಾಡುತ್ತಿದ್ದಳು. ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು, ಬೆಳಕಿಗೆ ಹಿಡಿದು ತೋರಿಸಿದಳು.

‘ನೋಡಿ ಸಾ, ಇದು ಹಣ್ಣಾಗೋ ಜಾತಿ. ಮೈ ಒಳ್ಗೆ ದೀಪ ಹಚ್ಚಿದಂಗೆ ಕಾಣ್ತದೆ. ಇನ್ನೊಂದ್ ಎರಡು ದಿನಕ್ಕೆ ಗೂಡು ಕಟ್ಟಾಕೆ ಚಂದ್ರಿಕೆಗೆ ಬುಡ್ಬೋದು.’

ನನಗೆ ಏನೂ ಕಾಣಲಿಲ್ಲ. ಕಾಣುತ್ತಿದೆ ಎಂದೆ.

‘ಸುಳ್ಳು ಯೋಳ್ತೀರ,’ ಎಂದು ನಕ್ಕಳು. ‘ನಮ್ ಯಜಮಾನ್ರೂ ಹಿಂಗೇ. ಹದಿನೈದು ವರ್ಸ ಹುಳ ಸಾಕಿದ್ರು, ಹಣ್ಣು ಯಾವ್ದು ಕಾಯಿ ಯಾವ್ದು ಗೊತ್ತಾಗ್ನೇ ಇಲ್ಲ. ನಾನು ಆರ್ಸಿ ಕೊಟ್ರೆ ಅವ್ರು ಮೀಸೆ ತಿರುವ್ಕಂಡು ಮಾರ್ಕೆಟ್‌ಗೆ ಹೊಯ್ತಿದ್ರು.’

ಜಗಲಿಯಿಂದ ಮುನಿಯಪ್ಪ ಕೂಗಿದ: ‘ಸತ್ತೋನ್ ಮೇಲೆ ಯಾಕಮ್ಮಿ ಹಾಕ್ತೀಯ?’

‘ಬದುಕಿರೋನ್ ಮೇಲೆ ಹಾಕಿದ್ರೆ ಸುಮ್ಕಿರ್ತೀಯಾ ನೀನು?’

ಅವರಿಬ್ಬರೂ ಜಗಳವಾಡುವುದನ್ನು ಕೇಳುವಾಗ ಸ್ವಲ್ಪ ಹಗುರವಾಗುತ್ತದೆ. ಆದರೆ ತೋಟದ ಅಂಚಿಗೆ ಬಂದಾಗ ನೋಡಿದೆ, ಬಿಳಿ ಗೂಟಗಳನ್ನು ಬೇಲಿಯ ಬುಡದಲ್ಲಿ ಕಂತೆ ಕಟ್ಟಿ ಇಟ್ಟಿದ್ದಾರೆ. ನೆಟ್ಟಿಲ್ಲ. ಕಾಯುತ್ತಿದ್ದಾರೆ. ಮುನಿಯಪ್ಪ ಅಳತೆಯವರಿಗೆ ಅಮಾವಾಸ್ಯೆಯವರೆಗೆ ತಡೆಯಿರಿ ಎಂದು ಹೇಳಿದ್ದಾನಂತೆ. ಅವನ ಮಾತಿನಲ್ಲಿ ನ್ಯಾಯ ಇದೆ. ನಾನು ಮನಸ್ಸಿನಲ್ಲೇ ಅವನೊಡನೆ ಎಷ್ಟು ವಾದ ಮಾಡಿದರೂ ಸೋಲುತ್ತಿದ್ದೇನೆ.

ಊಟ ಸೇರುತ್ತಿಲ್ಲ ಎಂದು ಬರೆದರೆ ನೀನು ಹೊರಟು ಬರುತ್ತೀಯ. ಊಟ ಮಾಡುತ್ತಿದ್ದೇನೆ. ಕೋಳಿಗಳು ಮೊಟ್ಟೆ ಕಡಿಮೆ ಮಾಡಿವೆ. ಮಧ್ಯಾಹ್ನ ಮಲಗಿದರೆ ಆ ತಲೆ ಎತ್ತಿಕೊಂಡ ಹುಳುಗಳು ಕಣ್ಣಿಗೆ ಬರುತ್ತವೆ. ಅವು ಕಚ್ಚುವುದಿಲ್ಲ, ಕೂಗುವುದಿಲ್ಲ, ನಮ್ಮ ಕಡೆ ನೋಡುವುದೂ ಇಲ್ಲ. ಯಾರಾದರೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ನಿನ್ನ
ಅನಂತರಾಜು


ಸೋಲೂರು
೨೭ ಸೆಪ್ಟೆಂಬರ್

ಪ್ರಿಯ ಲತಾ,

ಮತ್ತೆ ತಡವಾಯಿತು. ಈ ಸಲ ಬರೆಯಲು ಇತ್ತು, ಕೂತು ಬರೆಯಲಿಲ್ಲ. ನೀನು ಎರಡು ಸಲ ಫೋನು ಮಾಡಿದಾಗಲೂ ‘ಗೂಡು ಬಿಡಿಸುತ್ತಿದ್ದಾರೆ’, ‘ಮಾರ್ಕೆಟ್ಟಿಗೆ ಹೋಗುತ್ತಿದ್ದಾರೆ’ ಎಂದಷ್ಟೇ ಹೇಳಿದೆ. ಅವೆರಡೂ ಆ ಹೊತ್ತಿಗೆ ನಿಜವಾಗಿದ್ದವು.

ಹುಳುಗಳು ಚಂದ್ರಿಕೆ ಏರಿದವು. ಅದನ್ನು ನೋಡಲು ಬಾ ಎಂದು ಬೋರಮ್ಮ ಹೇಳಿ ಕಳಿಸಿದ್ದಳು. ಬಿದಿರಿನ ಆ ದೊಡ್ಡ ಚಾಪೆಯ ಸುತ್ತುಗಳ ನಡುವೆ ಅವು ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದವು. ಮೊದಲ ದಿನ ಮಂಜಿನ ಹಾಗೆ ಏನೋ ಒಂದು ಕಂಡಿತು. ಎರಡನೆಯ ದಿನ ಅದರೊಳಗೆ ಹುಳು ಕಾಣದಂತಾಗಬೇಕಿತ್ತು. ಕಾಣುತ್ತಿತ್ತು. ಎಲ್ಲದರಲ್ಲೂ ಅಲ್ಲ, ಬಹಳದರಲ್ಲಿ. ನೂಲು ಸಾಲದೆ ಅರ್ಧಕ್ಕೇ ನಿಂತ ಹಾಗೆ. ಪಕ್ಕದ ಮನೆಯ ಹೆಂಗಸು, ಆಗಬಹುದು ಕಣಕ್ಕ, ಇನ್ನೂ ಕಟ್ತಾವೆ ಎಂದಳು. ಬೋರಮ್ಮ ಹೂಂ ಎಂದಳು. ಅವಳು ನನ್ನ ಕಡೆ ನೋಡಲಿಲ್ಲ.

ಮಂಗಳವಾರ ರಾಮನಗರಕ್ಕೆ ನಾನೂ ಹೋದೆ. ಯಾಕೆ ಹೋದೆ ಎಂದು ಕೇಳಬೇಡ. ಬೋರಮ್ಮ, ಮುನಿಯಪ್ಪ, ಎರಡು ಮೂಟೆ ಗೂಡು, ನಾನು. ಗೂಡಿನ ಮಾರ್ಕೆಟ್ಟನ್ನು ನೀನು ನೋಡಿದ್ದೀಯ. ಉದ್ದುದ್ದ ಸಾಲು, ಒಬ್ಬೊಬ್ಬ ರೈತ ತನ್ನ ರಾಶಿಯ ಪಕ್ಕ ನಿಂತಿರುತ್ತಾನೆ, ನೂಲು ಬಿಚ್ಚುವವರು ಬಂದು ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ, ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಿಂದ ಒತ್ತುತ್ತಾರೆ. ಗಟ್ಟಿ ಗೂಡು ಒತ್ತಿದರೆ ಬಗ್ಗುವುದಿಲ್ಲ. ಬೋರಮ್ಮನ ರಾಶಿಯ ಮುಂದೆ ಗಫಾರ್ ಎಂಬ ಹಿರಿಯರು ನಿಂತರು. ಅವಳ ಗಂಡನ ಕಾಲದಿಂದಲೂ ಅವಳ ಗೂಡನ್ನು ಕೊಳ್ಳುತ್ತಿದ್ದವರಂತೆ. ಒತ್ತಿದರು. ಗೂಡು ಬಗ್ಗಿತು. ಇನ್ನೊಂದು ಒತ್ತಿದರು.

‘ಏನಮ್ಮಾ ಇದು? ನಿನ್ನ ಗೂಡು ಹೀಗಿರಲ್ವಲ್ಲ.’

‘ಕಾಯಿಲೆ ಬಂದಿತ್ತು ಸಾಬ್ರೆ.’

ಅವರು ಇನ್ನೊಂದು ಹಿಡಿ ತೆಗೆದು ನೋಡಿದರು. ಕೊಳ್ಳುವ ಮನಸ್ಸಿನಿಂದಲೇ ನೋಡುತ್ತಿದ್ದಾರೆ ಎಂದು ನನಗೆ ಕಂಡಿತು. ಆಮೇಲೆ ರಾಶಿಯನ್ನು ಅಂಗೈಯಿಂದ ಸಮ ಮಾಡಿ, ‘ಮುಂದಿನ ಸಲ ಅಮ್ಮಾ, ಇನ್ಶಾ ಅಲ್ಲಾ’ ಎಂದು ಮುಂದಕ್ಕೆ ಹೋದರು. ಕೊನೆಗೆ ಯಾರೋ ಕೊಂಡರು. ಅದು ಗೂಡಿಗೆ ಕೊಡುವ ಬೆಲೆಯಾಗಿರಲಿಲ್ಲ.

ಮುನಿಯಪ್ಪ ಹಂಗಿಸಲಿಲ್ಲ. ಹೋಟೆಲಿನಲ್ಲಿ ಮೂವರಿಗೂ ಟೀ ಹೇಳಿದ. ಬೋರಮ್ಮನೇ ಶುರು ಮಾಡಿದಳು.

‘ಯಾವತ್ತು ಬತ್ತಾರಂತೆ ಅಳತೆಯೋರು?’

‘ನಿಂಗೆ ಮನ್ಸಿಲ್ಲ ಅಂದ್ರೆ ಇನ್ನೊಂದ್ ಬೆಳೆ ನೋಡಾನ ಕಣಮ್ಮಿ,’ ಎಂದ ಮುನಿಯಪ್ಪ. ಟೀ ಲೋಟದೊಳಗೆ ನೋಡುತ್ತಿದ್ದ.

‘ಊರ್ ಮುಂದೆ ಆಡಿದ್ ಮಾತು ಬಾವ. ಗೂಡು ಬಂದಿದ್ರೆ ನೀನು ಮಾತ್ ಮುರೀತಿದ್ದಾ? ಇಲ್ಲ ತಾನೆ. ನಾನ್ಯಾಕೆ ಮುರೀಲಿ?’

ಅವನು ಮತ್ತೆ ಮತ್ತೆ ಹೇಳಿದ. ಅವಳು ಒಪ್ಪಲಿಲ್ಲ. ಇದನ್ನು ನಾನು ಎಷ್ಟು ತಿರುಗಿಸಿ ನೋಡಿದರೂ ನನಗೆ ದಕ್ಕುವುದಿಲ್ಲ, ಲತಾ. ತೋಟ ಉಳಿಯುವ ಒಂದು ದಾರಿ ಆ ಮೇಜಿನ ಮೇಲೆ ಇತ್ತು, ಭಾವನ ಕರುಣೆಯಿಂದ ಬಂದದ್ದು ಬೇಡ ಎಂದು ಅವಳೇ ಅದನ್ನು ಪಕ್ಕಕ್ಕೆ ಸರಿಸಿದಳು. ನಿನ್ನೆ ಶುಕ್ರವಾರ ಸಹಿ ಆಯಿತಂತೆ. ಶಾಹಬಾಜ್ ಫೋನು ಮಾಡಿ ಹೇಳಿದ. ‘ಬೋರಮ್ಮ ಅಂಗಡಿಗೆ ಬಂದಿದ್ರು ಸಾರ್. ಗುಂಪಿನಿಂದ ನನ್ನ ಹೆಸರು ತೆಗೆದ್ಬಿಡು ಅಂದ್ರು. ಯಾಕಮ್ಮ ಅಂದ್ರೆ, ತೋಟ ಇಲ್ಲ, ಹುಳ ಇಲ್ಲ, ಸೊಪ್ಪಿಲ್ದೆ ಎಮ್ಮೆ ಹೆಂಗೆ ಸಾಕ್ಲಿ, ಕೊಡಾಕೆ ಏನೂ ಇಲ್ದೆ ಯಾವ್ ಮುಖ ಇಟ್ಕಂಡು ಕೇಳ್ಲಿ ಅಂದ್ರು. ತೆಗೀಲಾ ಸಾರ್?’ ಸ್ವಲ್ಪ ದಿನ ತಡೆ ಎಂದೆ. ನೀನು ಬರಲಿ ಎಂದುಕೊಂಡು ಹೇಳಿದೆ.

ನನ್ನ ನಿಯಮವನ್ನು ತೆಗೆದುಹಾಕಿದ್ದೇನೆ. ಉಳಿದ ಎರಡು ಡಬ್ಬವನ್ನು ಹಿತ್ತಲಿನಲ್ಲಿ ಗುಂಡಿ ತೋಡಿ ಮುಚ್ಚಿದೆ. ಯಾರಾದರೂ ಏನಾದರೂ ಕೇಳಿದರೆ, ಲತಾಮಣಿ ಬರುವವರೆಗೆ ಕಾಯಿರಿ ಎಂದು ಬರೆಯುತ್ತಿದ್ದೇನೆ. ಕಾಯುತ್ತಾರೆ. ನಿನಗೆ ಅವರೆಲ್ಲ ಎಷ್ಟು ಸಲೀಸಾಗಿ ಕಾಯುತ್ತಾರೆ ಎಂದು ನೋಡಿ ನನಗೆ ಒಂದು ಬಗೆಯ ಅಸೂಯೆಯಾಗುತ್ತದೆ.

ಅತ್ತೆಗೆ ಆರೋಗ್ಯ ಬೇಗ ಕೂಡಿಬರಲಿ. ಕೋಲಿಲ್ಲದೆ ಬಚ್ಚಲಿಗೆ ಹೋಗುವ ಹಟ ಮಾಡಬಾರದೆಂದು ಅಳಿಯ ಹೇಳಿದ ಎಂದು ಹೇಳು, ನಿನ್ನ ಮಾತಿಗಿಂತ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡುತ್ತಾರೆ. ಅಣ್ಣನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ನೀನು ರಾತ್ರಿ ನಿದ್ದೆಗೆಡಬೇಡ. ಅಲ್ಲಿ ಎಲ್ಲರೂ ತಣ್ಣಗಿರಿ.

ನಿನ್ನ
ಅನಂತರಾಜು

ತಾ. ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದ್ದೇನೆ.

ಧೂಪದ ವಿಷಯ ಗುಂಪಿಗೆ ಹಾಕಿದೆ ಎಂದು ಮೊದಲ ಕಾಗದದಲ್ಲಿ ಬರೆದೆ. ಹಾಕಿದ್ದು ನಿನ್ನ ಇ-ಮೇಲ್ ಪೆಟ್ಟಿಗೆಯಿಂದ. ಅಡಿಯಲ್ಲಿ ‘ಇಂತಿ, ಲತಾಮಣಿ’ ಎಂದು ತಾನಾಗಿ ಬರುತ್ತದಲ್ಲ, ಅದನ್ನು ಅಳಿಸಿ ನನ್ನ ಹೆಸರು ಹಾಕಬೇಕೆಂದು ಗೊತ್ತಿತ್ತು. ಅಳಿಸಲಿಲ್ಲ. ನನ್ನ ಹೆಸರು ನೋಡಿದರೆ ಯಾರೂ ಕೇಳುವುದಿಲ್ಲ ಎನ್ನಿಸಿತು. ಅದಕ್ಕೇ ಬೋರಮ್ಮ ಡಬ್ಬದಲ್ಲಿ ಏನಿದೆ ಎಂದು ಕೇಳಲಿಲ್ಲ. ನೀನು ಕಳಿಸಿದ್ದರೆ ನೋಡಿಯೇ ಕಳಿಸಿರುತ್ತೀಯ.

ಮಂಗಳವಾರ, ಮುನಿಯಪ್ಪ ಟೀಗೆ ದುಡ್ಡು ಕೊಡಲು ಎದ್ದಾಗ, ಬೋರಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: ‘ಅಷ್ಟೊಂದು ಕೇಳಿ ಕೇಳಿ ಕಳ್ಸೋರು. ನಾನ್ ಹುಳ ಸಾಕಿರೋದು ಲತಮ್ಮಂಗೆ ಮರ್ತೇ ಹೋಯ್ತಾ ಸಾ?’ ಆಗ ಹೇಳಬಹುದಿತ್ತು. ಒಂದು ವಾಕ್ಯ. ನಿನ್ನ ತಾಯಿ ಬಿದ್ದ ಸುದ್ದಿ ಬಂದಿತ್ತು, ಆ ಗಡಿಬಿಡಿಯಲ್ಲಿ ಮರೆತಿರಬೇಕು ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ‘ಹೋಗ್ಲಿ ಬುಡಿ. ಹೆತ್ತೋಳು ಬಿದ್ದವ್ಳೆ ಅಂದ್ರೆ ಯಾರ್ಗೆ ತಾನೆ ಗ್ಯಾನ ನೆಟ್ಟಗಿರ್ತದೆ. ಲತಮ್ಮ ಬಂದ್ಮ್ಯಾಕೆ ಮನೇಗ್ ಬರಾಕ್ ಯೋಳಿ, ನಾನೇನೂ ಮನ್ಸಲ್ಲಿ ಮಡೀಕಂಡಿಲ್ಲ ಅಂತ ಯೋಳಿ’ ಎಂದಳು.

ಅವಳು ಹೇಳೆಂದದ್ದನ್ನು ನಿನಗೆ ಹೇಳಿದ್ದೇನೆ. ನೀನು ಹೋಗದೆ ಇರುವವಳಲ್ಲ. ಬಂದ ಮರುದಿನವೇ ಕುದೂರಿನ ಬಸ್ಸು ಹತ್ತುತ್ತೀಯ. ಅವಳು ನಿನ್ನ ಎರಡೂ ಕೈ ಹಿಡಿದುಕೊಂಡು, ನೀನು ಮಾಡದೆ ಇದ್ದದ್ದನ್ನು ಕ್ಷಮಿಸುವಾಗ, ಲತಾ, ನೀನು ಅವಳಿಗೆ ಏನು ಹೇಳುತ್ತೀಯ?